ಓಲ್ಡ್ ಟೌನ್ ನಕ್ಷತ್ರ, ಟ್ಯಾಬ್ ಮೇಲಿನ ಚೌಕ

ಭದ್ರಾವತಿಯ ಓಲ್ಡ್ ಟೌನ್‌ನ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಬಂದವರು ಕೈಮುಗಿದು, ಗೋಡೆಯ ಶಿಲ್ಪಗಳ ಫೋಟೊ ತೆಗೆದುಕೊಂಡು ಹೊರಡುವುದು ರೂಢಿ. ಇತ್ತೀಚೆಗೆ ಅಲ್ಲಿ ಕಂಡ ಹುಡುಗನೊಬ್ಬ ಶಿಲ್ಪಗಳ ತಂಟೆಗೇ ಹೋಗದೆ, ಗರ್ಭಗುಡಿಯ ಹೊರಗೋಡೆಯ ಮೂಲೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದ. ಜೊತೆಗೆ ಸಾಗರದ ಕಡೆಯ ಅವನ ಚಿಕ್ಕಮ್ಮ. ಮಾತಿಗೆ ಸಿಕ್ಕಿದ ಮೇಲೆ ಟ್ಯಾಬ್ ತೆಗೆದು ತಾನು ಮಾಡಿದ ಚಿತ್ರ ತೋರಿಸಿದ: ಒಂದರ ಮೇಲೊಂದು ತಿರುಗಿಸಿಟ್ಟ ಆರು ಚೌಕ, ನಡುವೆ ಉರಿಯುವ ಕೆಂಪು ಬೊಟ್ಟು. 'ಹೇಗಿದೆ ಹೇಳಿ ಸಾರ್' ಅಂದ.

ಇಂಥ ಪ್ರಶ್ನೆಗೆ ನಮ್ಮಲ್ಲಿ ಎರಡೇ ಸಿದ್ಧ ಉತ್ತರ. ಒಂದು, 'ಸೂಪರ್'. ಇನ್ನೊಂದು, 'ಏನೂ ಅರ್ಥವಾಗಲಿಲ್ಲ'. ಎರಡರಿಂದಲೂ ಚಿತ್ರ ಬರೆದವನಿಗೆ ನಯಾಪೈಸೆ ಪ್ರಯೋಜನವಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಕೇಳಿದರು: 'ನಡುವೆ ಈ ಬೊಟ್ಟು ಯಾಕೆ ಮಗಾ? ಕಣ್ಣು ಅಲ್ಲೇ ಕೂತ್ಬಿಡುತ್ತೆ, ಎಳೆ ಮೇಲೆ ಓಡಾಡೋದೇ ಇಲ್ಲ.'

ಆ ಮಾತಿನ ಗುಂಗು ಇನ್ನೂ ಬಿಟ್ಟಿಲ್ಲ. ಹೊಗಳಿಕೆಯಿಲ್ಲ, ಹೀಯಾಳಿಕೆಯಿಲ್ಲ. ಎಲ್ಲಿ ನೋಡಿದೆ, ಏನಾಯಿತು, ಯಾಕೆ ಹೀಗೆ ಮಾಡಿದೆ ಎಂಬ ಮೂರೂ ಒಂದೇ ಉಸಿರಿನಲ್ಲಿ ಬಂದಿದ್ದವು.

ಹುಡುಗ ಎಣಿಸುತ್ತಿದ್ದ ಮೂಲೆಗಳ ಲೆಕ್ಕವನ್ನೂ ಹೇಳಲೇಬೇಕು. ಈ ದೇವಸ್ಥಾನ 13ನೇ ಶತಮಾನದ ಹೊಯ್ಸಳ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ಗುಡಿ; ಅವುಗಳ ಹೊರಗೋಡೆ ನಕ್ಷತ್ರಾಕಾರ. ಈ ನಕ್ಷತ್ರದ ಗುಟ್ಟು ಚೌಕದಲ್ಲಿದೆ. ಒಂದು ಚೌಕವನ್ನು ಕೇಂದ್ರ ಕದಲಿಸದೆ 45 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಬರೆದರೆ ಎಂಟು ಮೂಲೆ. ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕ ಬರೆದರೆ ಹದಿನಾರು, ಅದು ಸೋಮನಾಥಪುರದ ನಕ್ಷತ್ರ. 15 ಡಿಗ್ರಿಯಂತೆ ಆರು ಚೌಕವಾದರೆ ಇಪ್ಪತ್ನಾಲ್ಕು ಮೂಲೆ, ಅದು ಡಂಬಳದ ದೊಡ್ಡಬಸಪ್ಪ ಗುಡಿ. ಹುಡುಗನ ಟ್ಯಾಬಿನಲ್ಲಿದ್ದದ್ದೂ ಅದೇ ಲೆಕ್ಕ! ಅವನು ಲೇಯರ್ ಕಾಪಿ ಮಾಡಿ ತಿರುಗಿಸಿದ್ದ. ಸ್ಥಪತಿಗೆ ಹಗ್ಗ, ಗೂಟ ಸಾಕಿದ್ದಿರಬೇಕು. ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಲೆಕ್ಕ ನಿಲ್ಲುವ ಜಾಗ. ಗರ್ಭಗುಡಿಗೆ ಮಂಟಪ ಕೂಡುವ ಕಡೆ ಕೆಲವು ಮೂಲೆಗಳನ್ನು ಶಿಲ್ಪಿ ಬಿಟ್ಟುಕೊಡುತ್ತಾನೆ. ನಿಯಮ ಗೊತ್ತಿದ್ದವನು ಅದನ್ನು ಎಲ್ಲಿ, ಯಾಕೆ ಮುರಿದ ಎಂಬುದರಲ್ಲೇ ಅವನ ಹೆಚ್ಚುಗಾರಿಕೆ ಕಾಣುತ್ತದೆ.

ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬಾಳಿದ ಕಲಾವಿದೆ ವೆರಾ ಮೋಲ್ನಾರ್ (1924–2023) ಹಿಡಿದದ್ದೂ ಇದೇ ದಾರಿ. 1968ರಲ್ಲಿ ಕಂಪ್ಯೂಟರ್ ಕೈಗೆತ್ತಿಕೊಂಡ ಆಕೆ ಚೌಕಗಳನ್ನು ಸಾಲಾಗಿ ಬರೆಸಿ, ಅವುಗಳೊಳಗೆ ಶೇ 1ರಷ್ಟು ಏರುಪೇರು ಬೆರೆಸಿ ಏನಾಗುತ್ತದೆ ಎಂದು ನೋಡುತ್ತಿದ್ದರು. ಡಿಜಿಟಲ್ ಕಲೆ ಎಂದರೆ ಗುಂಡಿ ಒತ್ತಿದರೆ ಬರುವಂಥದ್ದು ಎನ್ನುವವರು ಆಕೆಯ ಚಿತ್ರಗಳನ್ನು ಒಮ್ಮೆ ನೋಡಬೇಕು.

ಚಿಕ್ಕಮ್ಮನ ಕಣ್ಣಿಗೆ ಆ ಚುರುಕು ಬಂದದ್ದು ಹಸೆ ಚಿತ್ತಾರ ಎಂಬ ಗೋಡೆಚಿತ್ರದಿಂದ. ದೀವರ ಸಮುದಾಯದ ಹೆಣ್ಣುಮಕ್ಕಳಿಗೆ ಅದು ಕೈಯಿಂದ ಕೈಗೆ ಬಂದ ವಿದ್ಯೆ: ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಲ್ಲಿ ಎಳೆ ಒಂದು ಕೂದಲಷ್ಟು ಓರೆಯಾದರೂ ಪಕ್ಕದಲ್ಲಿ ಕೂತ ಹಿರಿಯಳು ಆ ಎಳೆಯನ್ನೇ ತೋರಿಸುತ್ತಾಳೆ, ಬರೆದವಳನ್ನು ಜರೆಯುವುದಿಲ್ಲ.

ಇದನ್ನೆಲ್ಲ ಕೂಡಿಸಿದರೆ ಒಂದು ಕ್ರಮ ಸಿಗುತ್ತದೆ. ಮೊದಲು ಚಿತ್ರದ ನಿಯಮ ಯಾವುದು ಎಂದು ಹುಡುಕಿ, ಸಿಗದಿದ್ದರೆ ಕೇಳಿ. ಕಣ್ಣು ಎಲ್ಲಿಂದ ಹೊರಟಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಬೆರಳಿಟ್ಟು ತೋರಿಸಿ. ಆಮೇಲೆ ಪರೀಕ್ಷೆಗಳು: ಚಿತ್ರವನ್ನು ತಲೆಕೆಳಗು ಮಾಡಿ, ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ, ಬಣ್ಣ ತೆಗೆದು ನೋಡಿ. ಹುಡುಗ ಅಲ್ಲೇ ಬಣ್ಣ ತೆಗೆದ. ಕೆಂಪು ಚೌಕ, ಕಡುಹಸಿರು ಚೌಕ ಎರಡೂ ಒಂದೇ ಬೂದು ಬಣ್ಣವಾಗಿ ಕಲಸಿಹೋದವು. ಬಣ್ಣ ಬೇರೆಯಾದರೂ ಗಾಢತೆ ಒಂದೇ ಆಗಿತ್ತು. ಅವೆರಡರ ನಡುವಿನ ಅಂಚು ಯಾಕೆ ಮಸುಕಾಗಿ ಕಾಣುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿತ್ತು. ತೆಳು ಗೆರೆಗಳು ಪರದೆಯ ಮೇಲೆ ಮಿಣುಗಿ ಇನ್ನೇನೋ ಅಲೆ ಎಬ್ಬಿಸುವುದುಂಟು, ಆದ್ದರಿಂದ ಪ್ರಿಂಟ್ ತೆಗೆದೂ ನೋಡಬೇಕು.

ಕೊನೆಯ ಮಾತು ಬರೆದವನಿಗೇ ಸೇರಬೇಕು. ಚಿಕ್ಕಮ್ಮ ಬೊಟ್ಟು ಅಳಿಸು ಎನ್ನಲಿಲ್ಲ, ಯಾಕೆ ಎಂದು ಕೇಳಿ ಸುಮ್ಮನಾದರು. ಹುಡುಗ ಅಳಿಸಲೂ ಇಲ್ಲ. ಕೆಂಪನ್ನು ಮಂಕು ಮಾಡಿ, ನಡುವಿನಿಂದ ತುಸು ಪಕ್ಕಕ್ಕೆ ಸರಿಸಿದ. ಚೌಕಗಳು ತಿರುಗುತ್ತಿರುವಂತೆ ಕಂಡವು. ನಾವು ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಶಿವಮೊಗ್ಗ, ಭದ್ರಾವತಿಯ ಚಿತ್ರಕಲಾ ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ. ಟ್ಯಾಬ್ ಹಿಡಿದ ಮಕ್ಕಳನ್ನು ಒಂದು ಬೆಳಿಗ್ಗೆ ಓಲ್ಡ್ ಟೌನ್‌ಗೆ ಕರೆತನ್ನಿ, ಗೋಡೆಯ ಮೂಲೆಗಳನ್ನು ಎಣಿಸಲು ಬಿಡಿ. ಆಮೇಲೆ ಒಬ್ಬರ ಚಿತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟು, 'ಚೆನ್ನಾಗಿದೆ' ಎಂಬ ಮಾತು ಬಳಸದೆ ಐದು ನಿಮಿಷ ಮಾತಾಡಲು ಹೇಳಿ.