ಮೈದಾನದ ಪ್ರಾಧ್ಯಾಪಕ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಅಥ್ಲೆಟಿಕ್ ಡೈರೆಕ್ಟರ್’ ಎಂಬ ಕ್ರೀಡಾ ನಿರ್ದೇಶಕನ ಹುದ್ದೆ ಇಂದು ದೊಡ್ಡ ಉದ್ಯಮವೊಂದರ ಮುಖ್ಯಸ್ಥನ ಹುದ್ದೆಗೆ ಸಮನಾಗಿದೆ. ಕೋಚ್‌ಗಳ ನೇಮಕ, ಪಂದ್ಯಗಳ ವೇಳಾಪಟ್ಟಿ, ಕ್ರೀಡಾಂಗಣದ ನಿರ್ವಹಣೆ, ಟಿಕೆಟ್ ಮಾರಾಟ, ದಾನಿಗಳಿಂದ ಹಣ ಸಂಗ್ರಹ, ಆಟಗಾರರ ಓದು ಹಾಗೂ ಅರ್ಹತೆಯ ಮೇಲ್ವಿಚಾರಣೆ ಎಲ್ಲವೂ ಅವನ ಮೇಜಿಗೇ ಬರುತ್ತವೆ. ಇಷ್ಟು ಅಧಿಕಾರ ಒಂದೇ ಕುರ್ಚಿಯಲ್ಲಿ ಸೇರಿದ್ದು ಹೇಗೆ, ಆ ಕುರ್ಚಿಯಲ್ಲಿ ಕೂತವನು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡಲು ಷಿಕಾಗೊ ವಿಶ್ವವಿದ್ಯಾಲಯದ ಅಮೋಸ್ ಅಲೊಂಜೊ ಸ್ಟ್ಯಾಗ್ (1862–1965) ಅವರ ವೃತ್ತಿಜೀವನದಷ್ಟು ಅನುಕೂಲವಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಹುಟ್ಟಿದ ಸ್ಟ್ಯಾಗ್ ಪಾದ್ರಿಯಾಗಬೇಕೆಂದು ಯೇಲ್ ವಿಶ್ವವಿದ್ಯಾಲಯ ಸೇರಿದವರು. ಅಲ್ಲಿ ಬೇಸ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿ ಹೆಸರು ಮಾಡಿ, ಧರ್ಮೋಪದೇಶ ತಮಗೆ ಒಗ್ಗುವ ಕೆಲಸವಲ್ಲ ಎಂದು ಕಂಡುಕೊಂಡ ಮೇಲೆ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಬಂದರು. ಜೇಮ್ಸ್ ನೈಸ್ಮಿತ್ 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ್ದು ಇದೇ ಶಾಲೆಯಲ್ಲಿ. 1892ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಮೊದಲ ಸಾರ್ವಜನಿಕ ಪಂದ್ಯದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು 5–1ರಿಂದ ಸೋಲಿಸಿದಾಗ, ಅಧ್ಯಾಪಕರ ಪಾಲಿನ ಆ ಒಂದೇ ಅಂಕವನ್ನು ಗಳಿಸಿದವರು ಸ್ಟ್ಯಾಗ್.

ಹಾರ್ಪರ್ ಕೊಟ್ಟ ಪೀಠ

ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದ ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರು ಯೇಲ್‌ನಲ್ಲಿ ಸ್ಟ್ಯಾಗ್‌ಗೆ ಪಾಠ ಹೇಳಿದ್ದವರು. ಹೊಸ ಸಂಸ್ಥೆಯ ಹೆಸರು ಊರೂರಿಗೆ ಮುಟ್ಟಬೇಕಾದರೆ ಆಟದ ತಂಡವೂ ಬೇಕೆಂದು ನಂಬಿದ್ದ ಹಾರ್ಪರ್, ಸ್ಟ್ಯಾಗ್ ಅವರನ್ನು ದೈಹಿಕ ಸಂಸ್ಕೃತಿ ವಿಭಾಗದ ನಿರ್ದೇಶಕರನ್ನಾಗಿಯೂ ಸಹ ಪ್ರಾಧ್ಯಾಪಕರನ್ನಾಗಿಯೂ ನೇಮಿಸಿ, ವರ್ಷಕ್ಕೆ 2,500 ಡಾಲರ್ ಸಂಬಳವನ್ನೂ ಖಾಯಂ ಸೇವೆಯ ಭದ್ರತೆಯನ್ನೂ ಕೊಟ್ಟರು. ಕಾಲೇಜು ತಂಡಗಳನ್ನು ವಿದ್ಯಾರ್ಥಿ ಸಂಘಗಳೋ ಹಳೆಯ ವಿದ್ಯಾರ್ಥಿಗಳೋ ನಡೆಸುತ್ತಿದ್ದ, ಕೋಚ್ ಎಂಬಾತ ಒಂದು ಋತುವಿನ ಮಟ್ಟಿಗೆ ಬಂದು ಹೋಗುತ್ತಿದ್ದ ಆ ಕಾಲದಲ್ಲಿ ಇದು ತೀರ ಹೊಸ ಏರ್ಪಾಟು. ಪಂದ್ಯ ಸೋತರೂ ಕೆಲಸ ಹೋಗದ ಅಧ್ಯಾಪಕನ ಕೈಯಲ್ಲಿದ್ದರೆ ಆಟವು ಶಿಕ್ಷಣದ ಅಂಗವಾಗಿಯೇ ಉಳಿಯುತ್ತದೆ ಎಂಬುದು ಇದರ ಹಿಂದಿದ್ದ ತರ್ಕ.

ಮೊದಲ ಋತುವಿನಲ್ಲಿ ಆಟಗಾರರು ಸಾಲದೆ ಸ್ಟ್ಯಾಗ್ ತಾವೇ ಅಂಗಣಕ್ಕಿಳಿದು ಆಡಿದರು. ವ್ಯಾಪಾರಿ ಮಾರ್ಷಲ್ ಫೀಲ್ಡ್ ಬಿಟ್ಟುಕೊಟ್ಟ ಜಾಗದಲ್ಲಿ ಮೈದಾನ ಎದ್ದಿತು. ಟಿಕೆಟ್ ಹಣ ಬರತೊಡಗಿದಂತೆ ಇಲಾಖೆಯ ಸ್ವರೂಪವೂ ಬದಲಾಯಿತು. ಇತರ ವಿಭಾಗಗಳ ಮುಖ್ಯಸ್ಥರು ಪ್ರತಿ ಖರ್ಚಿಗೂ ಮಂಜೂರಾತಿ ಪಡೆಯಬೇಕಾಗಿದ್ದರೆ, ಸ್ಟ್ಯಾಗ್ ಅವರು ಕ್ರೀಡಾ ನಿಧಿಯನ್ನು ಬಹುಮಟ್ಟಿಗೆ ತಮ್ಮ ವಿವೇಚನೆಯಂತೆ ಬಳಸುತ್ತಿದ್ದರು, ಏನಿದ್ದರೂ ನೇರವಾಗಿ ಅಧ್ಯಕ್ಷರ ಜೊತೆ ಮಾತಾಡುತ್ತಿದ್ದರು. ಹೀಗೆ ಅಧ್ಯಾಪಕನ ಭದ್ರತೆಯೂ ಉದ್ಯಮಿಯ ಸ್ವಾತಂತ್ರ್ಯವೂ ಒಬ್ಬರಲ್ಲೇ ಸೇರಿದವು. ಮುಂದಿನ ಸಾಧನೆಗೂ ತೊಡಕಿಗೂ ಕಾರಣ ಇದೇ.

ಈ ಅಧಿಕಾರವನ್ನು ಅವರು ಬಳಸಿದ ಬಗೆಗೆ ಶಾಲಾ ಮಕ್ಕಳ ಕ್ರೀಡಾಕೂಟಗಳೇ ಒಳ್ಳೆಯ ನಿದರ್ಶನ. 1902ರಲ್ಲಿ ಅವರು ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಅಥ್ಲೆಟಿಕ್ಸ್ ಕೂಟವನ್ನೂ, 1917ರಿಂದ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನೂ ಷಿಕಾಗೊದಲ್ಲಿ ನಡೆಸತೊಡಗಿದರು. ದೂರದೂರಿನಿಂದ ಬಂದ ಹುಡುಗರು ವಿದ್ಯಾರ್ಥಿಗಳ ವಸತಿಗಳಲ್ಲೇ ಇಳಿದುಕೊಂಡು, ಕ್ಯಾಂಪಸ್ ಸುತ್ತಿ, ವಿಶ್ವವಿದ್ಯಾಲಯದ ತಂಡದವರೊಡನೆ ಬೆರೆಯುತ್ತಿದ್ದರು. ಶಾಲಾ ಕ್ರೀಡೆಗೆ ಇದರಿಂದ ದೊಡ್ಡ ವೇದಿಕೆ ಸಿಕ್ಕಿದ್ದು ನಿಜ: ಓಹಾಯೊದ ಶಾಲಾ ಹುಡುಗ ಜೆಸ್ಸಿ ಓವೆನ್ಸ್ 1933ರಲ್ಲಿ 100 ಗಜಗಳನ್ನು 9.4 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಇದೇ ಅಂಗಳದಲ್ಲಿ. ಆದರೆ ಒಳ್ಳೆಯ ಆಟಗಾರರನ್ನು ಗುರುತಿಸಿ ತಮ್ಮ ವಿಶ್ವವಿದ್ಯಾಲಯಕ್ಕೆ ಸೆಳೆಯುವ ದಾರಿಯೂ ಅದೇ ಆಗಿತ್ತು.

ಗೆಲುವಿನ ಲೆಕ್ಕ

1905ರ ನವೆಂಬರ್ 30ರಂದು, ಅದಕ್ಕೆ ಮುಂಚಿನ 56 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮಿಷಿಗನ್ ಫುಟ್‌ಬಾಲ್ ತಂಡವನ್ನು ಷಿಕಾಗೊ 2–0ರಿಂದ ಸೋಲಿಸಿತು. ‘ಸೇಫ್ಟಿ’ ಎಂದರೆ ಚೆಂಡು ಹಿಡಿದ ಎದುರಾಳಿಯನ್ನು ಅವನದೇ ಗೋಲು ವಲಯದಲ್ಲಿ ಕೆಡವಿ ಗಳಿಸುವ ಎರಡು ಅಂಕ; ಇಡೀ ಪಂದ್ಯದ ತೀರ್ಪಾದದ್ದು ಆ ಎರಡೇ ಅಂಕದಿಂದ. ಅದೇ ನವೆಂಬರ್‌ನಲ್ಲಿ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಎಡ್ವರ್ಡ್ ಜೋರ್ಡನ್ ಅವರ ಲೇಖನಮಾಲೆ ಪ್ರಕಟವಾಗಿ, ಓದಿನಲ್ಲಿ ಹಿಂದುಳಿದವರನ್ನು ಆಟದ ಆಸೆಗೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಷಿಕಾಗೊದ ಹೆಸರನ್ನೂ ಎತ್ತಿತು. ಫುಟ್‌ಬಾಲ್‌ನಲ್ಲಿ ಸಾವು ನೋವುಗಳು ಹೆಚ್ಚಿದ್ದರಿಂದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದ ವರ್ಷವದು. ಆ ಬಿಕ್ಕಟ್ಟಿನಿಂದ ಹುಟ್ಟಿದ ನಿಯಂತ್ರಣ ಸಂಸ್ಥೆಯೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಕೋಚ್‌ಗೆ ಅಧ್ಯಾಪಕನ ಸ್ಥಾನಮಾನ ಕೊಟ್ಟ ಮಾತ್ರಕ್ಕೆ ಆಟ ಶುದ್ಧವಾಗಿ ಉಳಿಯುವುದಿಲ್ಲ, ಹಣದ ಹರಿವಿನ ಮೇಲೂ ಹತೋಟಿ ಬೇಕು ಎಂಬುದು ಆಗಲೇ ಸ್ಪಷ್ಟವಾಗಿತ್ತು.

1929ರಲ್ಲಿ ಮೂವತ್ತರ ಹರೆಯದ ರಾಬರ್ಟ್ ಮೇನಾರ್ಡ್ ಹಚಿನ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಫುಟ್‌ಬಾಲ್ ಬಗ್ಗೆ ಅವರಿಗೆ ಹಾರ್ಪರ್ ಅವರಿಗಿದ್ದ ಮೋಹವಿರಲಿಲ್ಲ. ಎಪ್ಪತ್ತು ದಾಟಿದವರು ನಿವೃತ್ತರಾಗಬೇಕೆಂಬ ನಿಯಮವನ್ನು ಸ್ಟ್ಯಾಗ್ ಅವರಿಗೂ ಅನ್ವಯಿಸಲಾಯಿತು. 41 ಋತುಗಳನ್ನು ಮುಗಿಸಿದ್ದ ಅವರು ಕೋಚಿಂಗ್ ಇಲ್ಲದ ಸಲಹೆಗಾರನ ಸ್ಥಾನವನ್ನು ಒಲ್ಲದೆ ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್‌ಗೆ ಹೋಗಿ, 1943ರಲ್ಲಿ, 81ನೆಯ ವಯಸ್ಸಿನಲ್ಲಿ, ವರ್ಷದ ಕೋಚ್ ಎಂಬ ಗೌರವಕ್ಕೆ ಪಾತ್ರರಾದರು. ಇತ್ತ ಷಿಕಾಗೊ 1939ರಲ್ಲಿ ಫುಟ್‌ಬಾಲ್ ತಂಡವನ್ನೇ ಕೈಬಿಟ್ಟಿತು.

ನಮ್ಮ ಕಾಲೇಜುಗಳ ನಿರ್ದೇಶಕರು

ಸ್ಟ್ಯಾಗ್ ಕೆಲಸ ಮಾಡಿದ್ದ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲೇ ಮುಂದೆ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ತರಬೇತಾದ ದೈಹಿಕ ಶಿಕ್ಷಕರನ್ನು ಒದಗಿಸಿದ ಸಂಸ್ಥೆಯದು. ಕರ್ನಾಟಕದ ಪದವಿ ಕಾಲೇಜುಗಳ ‘ದೈಹಿಕ ಶಿಕ್ಷಣ ನಿರ್ದೇಶಕ’ರು ಈ ಪರಂಪರೆಗೆ ಸೇರಿದವರು. ಯುಜಿಸಿಯ 2018ರ ನಿಯಮಗಳು ಈ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ದೇಹದಾರ್ಢ್ಯ ಪರೀಕ್ಷೆಯನ್ನೂ ವಿಧಿಸುತ್ತವೆ. ಮೂವತ್ತರೊಳಗಿನ ಪುರುಷ ಅಭ್ಯರ್ಥಿ 12 ನಿಮಿಷಗಳಲ್ಲಿ 1,800 ಮೀಟರ್ ಕ್ರಮಿಸಬೇಕು. ಅಧ್ಯಾಪಕನಿಗೆ ಸಮನಾದ ಸ್ಥಾನ ಇಲ್ಲೂ ಉಂಟು. ಆದರೆ ಇಲ್ಲಿನ ನಿರ್ದೇಶಕರ ಕೈಯಲ್ಲಿರುವುದು ಪ್ರವೇಶದ ವೇಳೆ ವಸೂಲಾಗುವ ಕ್ರೀಡಾ ಶುಲ್ಕವೇ ಹೊರತು ಟಿಕೆಟ್ ಹಣವಲ್ಲ. ಅಂತರ ಕಾಲೇಜು ಪಂದ್ಯಗಳಿಗೆ ತಂಡ ಕಟ್ಟುವುದು, ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಹುಡುಗರನ್ನು ಕಳಿಸುವುದು, ಅವರಲ್ಲೊಬ್ಬ ಆ ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಎನಿಸಿದರೆ ಕಾಲೇಜಿನ ಫಲಕದಲ್ಲಿ ಹೆಸರು ಬರೆಸುವುದು ಅವರ ವರ್ಷದ ಕೆಲಸ. ಅಲ್ಲಿ ಹಣದ ಅತಿರೇಕವಾದರೆ ಇಲ್ಲಿ ಹಣದ ಅಭಾವವೇ ನಿರ್ದೇಶಕನ ಕೆಲಸದ ಎಲ್ಲೆಯನ್ನು ಗೊತ್ತುಮಾಡುತ್ತದೆ.

ಸ್ಟ್ಯಾಗ್ ತೀರಿಕೊಂಡ ಮೇಲೆ ಅಮೆರಿಕದ ಕಾಲೇಜು ಕ್ರೀಡೆ ಎರಡು ದಾರಿ ಹಿಡಿದಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ದೊಡ್ಡ ವಿಶ್ವವಿದ್ಯಾಲಯವೊಂದು ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು; 2025–26ರಲ್ಲಿ ಇದರ ಮಿತಿ ಸುಮಾರು 2.05 ಕೋಟಿ ಡಾಲರ್ ಆಗಿತ್ತು. ಅಂಥಲ್ಲಿ ಕ್ರೀಡಾ ನಿರ್ದೇಶಕನಿಗೆ ಈಗ ಸಂಬಳದ ಪಟ್ಟಿ ತಯಾರಿಸುವ ಹೊಣೆಯೂ ಬಂದಿದೆ. ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ, ಎನ್‌ಸಿಎಎಯ ಮೂರನೆಯ ವಿಭಾಗದ ಕಾಲೇಜುಗಳದ್ದು ಇನ್ನೊಂದು ದಾರಿ. 1969ರಲ್ಲಿ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟಿಕೊಂಡ ಷಿಕಾಗೊ ಇಂದು ಆಡುವುದು ಈ ವಿಭಾಗದಲ್ಲೇ, ಮತ್ತು ಈ ವಿಭಾಗದ ಫುಟ್‌ಬಾಲ್ ಫೈನಲ್‌ಗೆ ‘ಸ್ಟ್ಯಾಗ್ ಬೌಲ್’ ಎಂದು ಹೆಸರು. ಹಾರ್ಪರ್ ಅವರ ತರ್ಕ ನಿಜವಾಗಿ ಉಳಿದುಕೊಂಡಿರುವುದು ಈ ಎರಡನೆಯ ದಾರಿಯಲ್ಲಿ. ನಿರ್ದೇಶಕನಿಗೆ ಅಧ್ಯಾಪಕನ ಪೀಠವನ್ನು ಕೊಡುವುದರ ಜೊತೆಗೆ, ಅವನ ಇಲಾಖೆ ಗ್ಯಾಲರಿಯ ಹಣವನ್ನು ನಂಬಿ ಬದುಕದಂತೆ ನೋಡಿಕೊಂಡಲ್ಲಿ ಮಾತ್ರ ಅವನ ಉತ್ತರದಾಯಿತ್ವ ವಿದ್ಯಾರ್ಥಿಯ ಕಡೆಗೆ ಉಳಿಯುತ್ತದೆ.