ಮನೆಯಲ್ಲೇ ಬೀಗದ ಆಟ: ಕನ್ನಡ ಅಕ್ಷರವೇ ಬೀಗದಕೈ



ರಜೆಯಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆಂದು ಸಭೆಗಳಲ್ಲಿ ಹಲವರು ಕೇಳುತ್ತಾರೆ. ಅದಕ್ಕಾಗಿ ಒಂದು ಆಟದ ಪರಿಚಯ. ಹೆಸರು ಎಸ್ಕೇಪ್ ರೂಮ್. ಕೋಣೆಯೊಳಗೆ ಅಡಗಿಸಿಟ್ಟ ಒಗಟುಗಳನ್ನು ಒಂದೊಂದಾಗಿ ಬಿಡಿಸಿ, ನಿಗದಿತ ಸಮಯದೊಳಗೆ ಬೀಗ ತೆರೆಯಬೇಕು. ಮೊದಲು ಇದು ಕಂಪ್ಯೂಟರ್ ಆಟವಾಗಿತ್ತು. ೨೦೦೭ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ತಕಾವೊ ಕಾಟೊ ಎಂಬವರು ನಿಜವಾದ ಕೋಣೆಯಲ್ಲಿ ಆಡಿಸಿದರು. ಈಗ ದೊಡ್ಡ ನಗರಗಳಲ್ಲಿ ಹಣ ಕೊಟ್ಟು ಆಡುತ್ತಾರೆ. ಮನೆಯಲ್ಲಾದರೆ ಒಂದು ಪೆಟ್ಟಿಗೆ, ಪ್ರಯಾಣದ ಚೀಲಕ್ಕೆ ಹಾಕುವ ಮೂರಂಕಿಯ ನಂಬರ್ ಬೀಗ, ಮೂರು ಚೀಟಿ ಸಾಕು.

ನಮ್ಮ ಮನೆಯಲ್ಲಿ ಆಡಿಸಿದ ಕ್ರಮ ಹೀಗಿದೆ:

ಮೊದಲ ಚೀಟಿ ಮೇಜಿನ ಮೇಲೆ. "ಅಂಗಿಯ ಮೇಲೆ ಅಂಗಿ, ಬಿಚ್ಚಿದವರ ಕಣ್ಣಲ್ಲಿ ನೀರು." ಮಕ್ಕಳು ನೀರುಳ್ಳಿ ಬುಟ್ಟಿಗೆ ಓಡಿದರು.

ಬುಟ್ಟಿಯಲ್ಲಿ ಎರಡನೆಯದು. "ಕಪಾಟಿನ ಕೆಂಪು ಪುಸ್ತಕ, ಪುಟ ೧೧." ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ಮೊಮ್ಮಗಳು, "ಅಜ್ಜಾ, ಸೊನ್ನೆ ಸೊನ್ನೆ ಪುಟ ಎಲ್ಲಿ?" ಎಂದಳು! ಅವಳಿಗಿಂತ ಎರಡು ವರ್ಷ ಚಿಕ್ಕವಳು, ಕನ್ನಡ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗಿ, ತಿದ್ದಿ ಪುಟ ತೆಗೆದುಕೊಟ್ಟಳು.

ಪುಟದಲ್ಲಿ ಮೂರನೆಯದು. "ನಮ್ಮ ಜಿಲ್ಲೆಯ ಕಡಲ ಕರೆಯ ದೊಡ್ಡ ಕೋಟೆ, ಮೂರಕ್ಷರ. ಅದರಲ್ಲೇ ಬೀಗದ ನಂಬರು." ಉತ್ತರ ಬೇಕಲ. ಅಕ್ಷರವನ್ನು ಅಂಕಿ ಮಾಡಲು ಹಿರಿಯರ ಕಟಪಯಾದಿ ಕ್ರಮವಿದೆ. ಕ, ಟ, ಪ, ಯ ಈ ನಾಲ್ಕರಿಂದಲೂ ಒಂದು, ಎರಡು ಎಂದು ವರ್ಣಮಾಲೆಯಂತೆ ಎಣಿಸಬೇಕು. ಞ ಮತ್ತು ನ ಸೊನ್ನೆ. ಕಾಗುಣಿತಕ್ಕೆ ಲೆಕ್ಕವಿಲ್ಲ. ಬ ಮೂರು, ಕ ಒಂದು, ಲ ಮೂರು: ೩೧೩. ಕ್ರಮದ ಪ್ರಕಾರ ಬಂದ ಅಂಕಿಗಳನ್ನು ಹಿಂದಿನಿಂದ ಓದಬೇಕು. ಇಲ್ಲಿ ಹೇಗೆ ಓದಿದರೂ ಒಂದೇ. ಸಂಗೀತ ಕಲಿತವರಿಗೆ ಇದು ಗೊತ್ತು. ಮೇಚಕಲ್ಯಾಣಿಯಲ್ಲಿ ಮ ಐದು, ಚ ಆರು. ತಿರುಗಿಸಿದರೆ ೬೫ನೆಯ ಮೇಳ.

ಬೀಗ ತೆರೆಯುವಷ್ಟರಲ್ಲಿ ಮೊಮ್ಮಗಳು ಗೋಡೆಯ ಅಕ್ಷರಪಟ ನೋಡುತ್ತಾ ವರ್ಣಮಾಲೆಯನ್ನು ಹತ್ತಾರು ಸಲ ಹೇಳಿದ್ದಳು. ಕೂರಿಸಿ ಕಲಿಸಿದಾಗ ಐದು ನಿಮಿಷ ನಿಲ್ಲದವಳು! ನಮ್ಮ ಹಲವು ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಮಲಯಾಳ ಓದುವ ಮಕ್ಕಳಿಗೆ ಕಖಗಘಙ ಕ್ರಮ ಹೇಗೂ ಗೊತ್ತು. ಹೊಸದು ಅಕ್ಷರದ ರೂಪ ಮಾತ್ರ. ಅವರೂ ಧಾರಾಳವಾಗಿ ಆಡಬಹುದು.

ಕೆಲವು ಸೂಚನೆಗಳು: ಬೀಗ ಪೆಟ್ಟಿಗೆಗೆ ಮಾತ್ರ, ಕೋಣೆಯ ಬಾಗಿಲಿಗೆ ಚಿಲಕ ಹಾಕಬೇಡಿ. ನಂಬರನ್ನು ಮೊದಲು ನೀವೇ ತಿರುಗಿಸಿ ನೋಡಿ. ನಲವತ್ತೈದು ನಿಮಿಷ, ಮೂರು ಸುಳಿವು ಸಾಕು. ಓದು ಬರುವವರನ್ನೂ ಬಾರದವರನ್ನೂ ಜೊತೆ ಮಾಡಿ. ಪೆಟ್ಟಿಗೆಯಲ್ಲಿ ಕಡಲೆ ಚಿಕ್ಕಿಯೊಂದಿಗೆ ಒಂದು ಕನ್ನಡ ಕಥೆ ಪುಸ್ತಕವೂ ಇರಲಿ.

ಮುಂದಿನ ಮಕ್ಕಳ ಕೂಟಕ್ಕೆ ಬರುವಾಗ ನಿಮ್ಮ ಮನೆಯ ಮೂರು ಚೀಟಿಗಳನ್ನು ಲಕೋಟೆಯಲ್ಲಿ ಹಾಕಿ ತನ್ನಿ. ಬೀಗ ಮತ್ತು ಪೆಟ್ಟಿಗೆ ಸಂಘದ್ದು.

– ಕಾರ್ಯದರ್ಶಿ