ಗ್ರಂಥಾಲಯದಲ್ಲಿ ಗಜ್ಜುಗದ ಆಟ

ನವೆಂಬರ್ 1 ಬಂದಿತೆಂದರೆ ಹೊರನಾಡಿನ ನಾವು ಮಕ್ಕಳನ್ನು ಸಾಲಾಗಿ ಕೂರಿಸಿ ಭಾಷಣ ಕೇಳಿಸುತ್ತೇವೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಹೇಳುತ್ತದೆ. ಆ ಗೋದಾವರಿ ನಾಸಿಕದಲ್ಲಿ ನಮ್ಮ ಮಗ್ಗುಲಲ್ಲೇ ಹರಿಯುತ್ತಿದೆ. ಸಂಭಾಜಿನಗರದ ಬಂಧುಗಳಿಗಂತೂ ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಯಿಸಿದ ಎಲ್ಲೋರದ ಕೈಲಾಸ ದೇವಾಲಯ ಬಲು ಹತ್ತಿರ. ಎಲ್ಲವೂ ದಿಟ. ಆದರೆ ಮಕ್ಕಳು ಆಕಳಿಸುತ್ತಾರೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬರುತ್ತದೆ. ಊರಿನಿಂದ ಬಂದ ಅಜ್ಜಿ ಮೊಮ್ಮಗನ ಬಾಯನ್ನೇ ನೋಡುತ್ತ ಕೂರುತ್ತಾಳೆ.

ಅಮೆರಿಕದಲ್ಲಿ ನೆಲೆಸಿದ ಸ್ಪ್ಯಾನಿಷ್ ಮನೆಮಾತಿನವರಿಗೂ ಇದೇ ಚಿಂತೆ. ಅವರ ಪರಂಪರೆಯನ್ನು ನೆನೆಯಲು ಅಲ್ಲಿನ ಸರ್ಕಾರ 1968ರಲ್ಲಿ ಒಂದು ವಾರವನ್ನು ಗೊತ್ತುಮಾಡಿತು. 1988ರ ಕಾನೂನು ಅದನ್ನು ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಒಂದು ತಿಂಗಳಾಗಿಸಿತು. ಆ ದಿನಗಳಲ್ಲಿ ಎಷ್ಟೋ ಊರುಗಳ ಸಾರ್ವಜನಿಕ ಗ್ರಂಥಾಲಯಗಳು ಮಕ್ಕಳನ್ನು ಕರೆದು, ಬಣ್ಣದ ತೆಳುಕಾಗದದಲ್ಲಿ ಚಿತ್ತಾರ ಕತ್ತರಿಸಿ ತೋರಣ ಕಟ್ಟುವುದನ್ನು ಕಲಿಸುತ್ತವೆ. ಮೆಕ್ಸಿಕೋದ 'ಲೊಟೆರಿಯಾ' ಆಡಿಸುತ್ತವೆ. ಇದು ನಮ್ಮ ಹೌಸಿಯ ದಾಯಾದಿ. ಅಂಕಿಯ ಬದಲು ಚಿತ್ರ. ಒಟ್ಟು 54 ಎಲೆಗಳು. ಒಬ್ಬರು ಎಲೆ ಎತ್ತಿ ಹೆಸರು ಕೂಗಿದಂತೆ ಮಕ್ಕಳು ತಮ್ಮ ಹದಿನಾರು ಮನೆಯ ಹಲಗೆಯ ಮೇಲೆ ಕಾಳು ಇಡುತ್ತ ಹೋಗಬೇಕು. ಕೂಗುವುದು ಸ್ಪ್ಯಾನಿಷಿನಲ್ಲಿ! ಗೆಲ್ಲುವ ಆಸೆಯಿದ್ದವನು ಕಿವಿಗೊಡದೆ ಎಲ್ಲಿಗೆ ಹೋದಾನು?

ನಾವೂ ಹೀಗೇಕೆ ಮಾಡಬಾರದು? ನಾಸಿಕದ ಸಾರ್ವಜನಿಕ ವಾಚನಾಲಯ 1840ರಷ್ಟು ಹಳೆಯದು. ಅಂಥ ಗ್ರಂಥಾಲಯವೊಂದರಲ್ಲಿ ಒಂದು ಭಾನುವಾರದ ಬೆಳಗನ್ನು ಕೇಳಿಕೊಳ್ಳೋಣ. ನೆರೆಯ ಮರಾಠಿ ಮಕ್ಕಳನ್ನೂ ಕರೆಯೋಣ. ಕರೆಯದಿದ್ದರೆ ಅರ್ಧ ಸೊಗಸು ಹೋದಂತೆ. ಏಕೆಂದರೆ ನಮ್ಮ ಹೆಣ್ಣುಮಕ್ಕಳು ಮೇಲೆ ಚಿಮ್ಮಿ ಹಿಡಿಯುತ್ತಿದ್ದ ಗಜ್ಜುಗವೇ ಇವರ ಸಾಗರಗೋಟೆ. ಬೀಜ ಕೂಡ ಅದೇ. ನಾಲ್ಕು ಕವಡೆ ಹಾಕಿ ಕಾಯಿಯನ್ನು ಹಣ್ಣು ಮಾಡುವ ನಮ್ಮ ಚೌಕಾಬಾರ ಇಲ್ಲಿ ಚಲ್ಲಸ್ ಆಠ್. ಇನ್ನು ಚಿಣ್ಣಿದಾಂಡಿನ ವಿಷಯವಂತೂ ಸ್ವಾರಸ್ಯವಾದದ್ದು. ಅದನ್ನು ವಿಟಿದಾಂಡು ಎನ್ನುವ ಮರಾಠಿ ಹುಡುಗರ ಹಳೆಯ ಎಣಿಕೆ ಏಕ್, ದೋನ್ ಅಲ್ಲ. ವಕಟ, ಲೇಂಡ, ಮುಂಡ, ನಾಲ! ತೆಲುಗಿನ ಒಕಟಿ, ರೆಂಡು, ನಮ್ಮ ಮೂರು, ನಾಲ್ಕು ಇವುಗಳ ನೆಂಟತನ ಅಲ್ಲಿ ಕಿವಿಗೆ ಬೀಳುತ್ತದೆ. ಶಾಲೆಯಲ್ಲಿ ತಾನು ಹೊರಗಿನವನೆಂದು ಮುದುರಿ ಕೂತ ನಮ್ಮ ಹುಡುಗನಿಗೆ ಇದನ್ನು ಹೇಳಿ ನೋಡಿ. ಎಲ್ಲೋರದ ಭಾಷಣಕ್ಕೆ ಏಳದ ತಲೆ ಇದಕ್ಕೆ ಏಳುತ್ತದೆ.

ಕೈಗೆಲಸಕ್ಕೆ ಖರ್ಚೂ ಹೆಚ್ಚಿಲ್ಲ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ, ಕತ್ತರಿ, ಬಣ್ಣದ ಪೆನ್ಸಿಲು. ಮಕ್ಕಳೇ ಚಿತ್ರ ಬರೆಯಲಿ: ರೊಟ್ಟಿ, ಕೊಡ, ಎತ್ತು, ಗುಬ್ಬಿ, ಜೋಕಾಲಿ, ಬೀಸುಕಲ್ಲು. ಚಿತ್ರದ ಕೆಳಗೆ ಹೆಸರನ್ನು ಕನ್ನಡ ಅಕ್ಷರದಲ್ಲಿ ದೊಡ್ಡವರು ಬರೆದುಕೊಡಲಿ. ಆದರೆ ಹೆಸರು ಕೂಗುವ ಅಧಿಕಾರ ಮಾತ್ರ ಅಜ್ಜಿಯರದು. ಸಂಘದ ಪದಾಧಿಕಾರಿಗಳು ಆ ಕುರ್ಚಿಗೆ ಆಸೆಪಡಬಾರದು. ಬೀಸುಕಲ್ಲನ್ನೇ ಕಾಣದ ಮಗು ಅದು ಯಾವುದೆಂದು ಅಜ್ಜಿಯನ್ನೇ ಕೇಳಬೇಕು, ಕನ್ನಡದಲ್ಲೇ ಕೇಳಬೇಕು. ಇಷ್ಟೇ ನಿಯಮ. ಹಲಗೆಯ ಮೇಲಿಡಲು ಹುಣಿಸೆಬೀಜ ನಾವು ತರುತ್ತೇವೆ.